ಜೀವಪ್ರಭೇದಗಳ ಸಹಬಾಳ್ವೆ: ಗಣಿತೀಯ ಮಾದರಿಗಳು ಹೇಳುವುದೇನು?

ಕನ್ನಡ ಅಧ್ಯಯನ ಪೀಠವೊಂದರ ಸಂಶೋಧನ ಪತ್ರಿಕೆಯಲ್ಲಿ ಜೀವಿಸಮುದಾಯಗಳ ಗಣಿತವನ್ನು ಕುರಿತ ಲೇಖನವೇಕೆ ಎಂಬ ಪ್ರಶ್ನೆ ವಾಚಕರಲ್ಲಿ ಮೂಡುವುದು ಸಹಜ. ಹೊರನಾಡಿನ ಕನ್ನಡದ ಸ್ಥಿತಿಗತಿಗಳನ್ನು ಕುರಿತು ನನ್ನ ಪರಿಶೀಲನೆಗೆ ಬರುವ ಪ್ರಬಂಧಗಳಲ್ಲಿ ಒಂದು ವಾಕ್ಯವು ನಾನಾ ರೂಪಗಳಲ್ಲಿ ಪುನರಾವರ್ತನೆಗೊಳ್ಳುತ್ತಿರುತ್ತದೆ. ಪ್ರಕೃತಿಯಲ್ಲಿ ಬಲಿಷ್ಠವಾದ ಪ್ರಭೇದವು ದುರ್ಬಲವಾದುದನ್ನು ಅಳಿಸಿಹಾಕುವಂತೆ ದೊಡ್ಡ ಭಾಷೆಯು ಸಣ್ಣ ಭಾಷೆಯನ್ನು ಅಳಿಸಿಹಾಕುತ್ತದೆ ಎಂಬುದೇ ಆ ವಾಕ್ಯ. ಇದಕ್ಕೆ ಅಡಿಟಿಪ್ಪಣಿ ಇರುವುದಿಲ್ಲ. ಎಲ್ಲರೂ ಬಲ್ಲ ಸಂಗತಿಗೆ ಆಧಾರವೇಕೆ ಎಂಬ ಧೋರಣೆ. ಅನ್ಯರನ್ನು ಆಕ್ಷೇಪಿಸುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನನ್ನ ಡಾಕ್ಟರೇಟ್ ಪ್ರಬಂಧದಲ್ಲಿ ರಗಳೆ ಮತ್ತು ಷಟ್ಪದಿಗಳು ಚಂಪುವನ್ನು ಹೊರದೂಡಿದ ಬಗೆಯನ್ನು ವಿವರಿಸಲು ನಾನೂ ಇದೇ ರೂಪಕವನ್ನು ಬಳಸಿದ್ದೆ. ಜನ್ನನು 1230ರಲ್ಲಿ ಅನಂತನಾಥ ಪುರಾಣವನ್ನು ಚಂಪುವಿನಲ್ಲಿಯೇ ರಚಿಸಿದನೆಂಬುದಾಗಲಿ, ಹದಿನೇಳನೆಯ ಶತಮಾನದಲ್ಲಿಯೂ ಷಡಕ್ಷರದೇವನು ರಾಜಶೇಖರ ವಿಳಾಸಕ್ಕೆ ಅದೇ ರೂಪವನ್ನು ಆಯ್ದುಕೊಂಡನೆಂಬುದಾಗಲಿ ನನಗೆ ತಿಳಿಯದ ಸಂಗತಿಗಳಾಗಿರಲಿಲ್ಲ. ಆದರೂ ರೂಪಕದ ಸೆಳೆತವು ಸಾಕ್ಷ್ಯವನ್ನು ಮರೆಸಿತ್ತು.

ಜೀವಶಾಸ್ತ್ರವು ನಿಜಕ್ಕೂ ಹಾಗೆ ಹೇಳುತ್ತದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಮೀಕರಣಗಳನ್ನು ಇಲ್ಲಿ ಚಿಹ್ನೆಗಳಲ್ಲಿ ಬರೆಯದೆ ಮಾತಿನಲ್ಲಿಯೇ ನಿರೂಪಿಸಲಾಗಿದೆ. ಕೂಡುವುದು, ಕಳೆಯುವುದು, ಗುಣಿಸುವುದು ಇಷ್ಟು ಬಲ್ಲವರು ಮುಖ್ಯ ವಾದವನ್ನು ಅನುಸರಿಸಬಹುದು.

ಮೀನುಪೇಟೆಯ ಲೆಕ್ಕ

ಈ ಶಾಸ್ತ್ರದ ಆರಂಭವು ಆಡ್ರಿಯಾಟಿಕ್ ಸಮುದ್ರತೀರದ ಮೀನುಪೇಟೆಗಳಲ್ಲಿದೆ. ಇಟಲಿಯ ಪ್ರಾಣಿಶಾಸ್ತ್ರಜ್ಞ ಉಂಬೆರ್ತೊ ದಾಂಕೋನ ಅವರು ಮೊದಲನೆಯ ಮಹಾಯುದ್ಧದ ಹಿಂದುಮುಂದಿನ ವರ್ಷಗಳಲ್ಲಿ ಅಲ್ಲಿಯ ಬಂದರುಗಳಿಗೆ ಬಂದ ಮೀನಿನ ಲೆಕ್ಕಗಳನ್ನು ಕಲೆಹಾಕಿದರು. ಫಿಯೂಮೆ ಬಂದರಿನಲ್ಲಿ (ಇಂದಿನ ಕ್ರೊಯೇಷಿಯಾದ ರಿಯೇಕಾ) ಒಟ್ಟು ಹಿಡುವಳಿಯಲ್ಲಿ ಶಾರ್ಕ್, ತೊರಕೆ ಮೊದಲಾದ ಭಕ್ಷಕ ಮೀನುಗಳ ಪಾಲು 1914ರಲ್ಲಿ ಶೇಕಡಾ 11.9 ಇದ್ದುದು 1915ರಲ್ಲಿ 21.4ಕ್ಕೂ 1918ರಲ್ಲಿ 36.4ಕ್ಕೂ ಏರಿತು, ಯುದ್ಧ ಮುಗಿದ ಮೇಲೆ ಇಳಿಯುತ್ತ 1923ರಲ್ಲಿ 10.7ಕ್ಕೆ ಬಂದು ನಿಂತಿತು. ಯುದ್ಧಕಾಲದಲ್ಲಿ ಮೀನುಗಾರಿಕೆ ಬಹುಮಟ್ಟಿಗೆ ನಿಂತುಹೋಗಿತ್ತು. ಬಲೆ ಇಲ್ಲದಿದ್ದಾಗ ಎಲ್ಲ ಮೀನುಗಳೂ ಹೆಚ್ಚಬೇಕಷ್ಟೆ. ಭಕ್ಷಕಗಳ ಪಾಲು ಮಾತ್ರ ಹೆಚ್ಚಲು ಕಾರಣವೇನು? ದಾಂಕೋನ ಈ ಪ್ರಶ್ನೆಯನ್ನು ತಮ್ಮ ಮಾವನವರಾದ ಗಣಿತಜ್ಞ ವೀಟೊ ವೋಲ್ಟೆರಾ ಅವರ ಮುಂದಿಟ್ಟರು.

ವೋಲ್ಟೆರಾ 1926ರಲ್ಲಿ ಪ್ರಕಟಿಸಿದ ಉತ್ತರವು ನಾಲ್ಕು ಸರಳ ಊಹೆಗಳ ಮೇಲೆ ನಿಂತಿದೆ. ಭಕ್ಷಕಗಳಿಲ್ಲದಿದ್ದರೆ ಬಲಿಮೀನುಗಳು ತಮ್ಮ ಸಂಖ್ಯೆಗೆ ಅನುಗುಣವಾಗಿ ವೃದ್ಧಿಯಾಗುತ್ತವೆ. ಬಲಿಮೀನುಗಳಿಲ್ಲದಿದ್ದರೆ ಭಕ್ಷಕಗಳು ತಮ್ಮ ಸಂಖ್ಯೆಗೆ ಅನುಗುಣವಾಗಿ ಸಾಯುತ್ತವೆ. ಇವೆರಡರ ಮುಖಾಮುಖಿಯು ಎರಡೂ ಸಂಖ್ಯೆಗಳ ಗುಣಲಬ್ಧದಷ್ಟು ಬಾರಿ ಸಂಭವಿಸುತ್ತದೆ. ಪ್ರತಿ ಮುಖಾಮುಖಿಯೂ ಒಂದಕ್ಕೆ ನಷ್ಟ, ಇನ್ನೊಂದಕ್ಕೆ ಲಾಭ. ಇದರಿಂದ ಹೊರಡುವ ಮೊದಲ ಫಲಿತಾಂಶವು ಏರಿಳಿತದ ಚಕ್ರ: ಬಲಿ ಹೆಚ್ಚಿದಾಗ ಭಕ್ಷಕ ಹೆಚ್ಚುತ್ತದೆ, ಭಕ್ಷಕ ಹೆಚ್ಚಿದಾಗ ಬಲಿ ಕುಗ್ಗುತ್ತದೆ, ಬಲಿ ಕುಗ್ಗಿದಾಗ ಭಕ್ಷಕವೂ ಕುಗ್ಗಿ ಬಲಿಯು ಮತ್ತೆ ಚೇತರಿಸಿಕೊಳ್ಳುತ್ತದೆ. ಇದನ್ನು ಗಣಿತದ ನೆರವಿಲ್ಲದೆಯೂ ಊಹಿಸಬಹುದಿತ್ತು. ಊಹೆಗೆ ಎಟುಕದ ಸಂಗತಿ ಎರಡನೆಯದು. ಒಂದು ಪೂರ್ಣ ಚಕ್ರದ ಸರಾಸರಿಯನ್ನು ತೆಗೆದರೆ, ಬಲಿಮೀನಿನ ಸರಾಸರಿ ಸಂಖ್ಯೆಯನ್ನು ನಿರ್ಧರಿಸುವುದು ಅದರ ಸ್ವಂತ ವೃದ್ಧಿದರವಲ್ಲ, ಭಕ್ಷಕದ ಸಾವಿನ ದರ. ಭಕ್ಷಕದ ಸರಾಸರಿಯನ್ನು ನಿರ್ಧರಿಸುವುದು ಬಲಿಯ ವೃದ್ಧಿದರ. ಒಬ್ಬರ ಭಾಗ್ಯವು ಇನ್ನೊಬ್ಬರ ಜಾತಕದಲ್ಲಿ ಬರೆದಿರುವಂತೆ ಇದು ಅಡ್ಡಹಾಯುವ ಸಂಬಂಧ.

ಬಲೆಯು ಬಲಿಯ ವೃದ್ಧಿದರವನ್ನು ತಗ್ಗಿಸುತ್ತದೆ. ಆದುದರಿಂದ ಭಕ್ಷಕದ ಸರಾಸರಿ ಇಳಿಯುತ್ತದೆ. ಬಲೆಯು ಭಕ್ಷಕದ ಸಾವಿನ ದರವನ್ನು ಹೆಚ್ಚಿಸುತ್ತದೆ. ಆದುದರಿಂದ ಬಲಿಯ ಸರಾಸರಿ ಏರುತ್ತದೆ. ಮಿತವಾದ ಮೀನುಗಾರಿಕೆಯು ಬಲಿಮೀನಿಗೆ ಅನುಕೂಲ, ಭಕ್ಷಕಕ್ಕೆ ಪ್ರತಿಕೂಲ. ಯುದ್ಧದಲ್ಲಿ ಬಲೆ ನಿಂತಿತು, ಫಲಿತಾಂಶ ತಿರುವುಮುರುವಾಯಿತು. ಈ ತತ್ತ್ವವು ಮೀನಿಗೆ ಮಾತ್ರ ಸೀಮಿತವಲ್ಲ. ಆಸ್ಟ್ರೇಲಿಯದಿಂದ 1868ರ ಸುಮಾರಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದ, ಹತ್ತಿಯಂತಹ ಬಿಳಿಯ ಹೊದಿಕೆಯುಳ್ಳ ಶಲ್ಕಕೀಟವು ಅಲ್ಲಿನ ಕಿತ್ತಳೆಯ ತೋಟಗಳನ್ನು ನಾಶಮಾಡುತ್ತಿತ್ತು. ಅದನ್ನು ತಿನ್ನುವ ಗುಲಗಂಜಿ ಹುಳುವನ್ನು 1888-89ರಲ್ಲಿ ಆಸ್ಟ್ರೇಲಿಯದಿಂದಲೇ ತರಿಸಿದ ಮೇಲೆ ಪೀಡೆ ಹತೋಟಿಗೆ ಬಂತು. ಮುಂದೆ ಡಿಡಿಟಿ ಬಂದಾಗ, ಉಳಿದಷ್ಟು ಶಲ್ಕಕೀಟವನ್ನೂ ಮುಗಿಸಬಹುದೆಂದು ಅದನ್ನು ಸಿಂಪಡಿಸಿದರು. ವಿಷವು ಕೀಟವನ್ನೂ ಕೀಟಭಕ್ಷಕವನ್ನೂ ಕೊಂದಿತು. ಸಮೀಕರಣವು ಸೂಚಿಸುವಂತೆಯೇ ಶಲ್ಕಕೀಟವು ಹೆಚ್ಚಿತು.

ಅಮೆರಿಕದಲ್ಲಿ ಆಲ್ಫ್ರೆಡ್ ಲೋಟ್ಕಾ 1925ರ ತಮ್ಮ ಗ್ರಂಥದಲ್ಲಿ ಇದೇ ಸಮೀಕರಣಗಳನ್ನು ಸ್ವತಂತ್ರವಾಗಿ ನೀಡಿದ್ದುದರಿಂದ ಇವು ಇಬ್ಬರ ಹೆಸರಿನಲ್ಲಿಯೂ ಪ್ರಸಿದ್ಧವಾಗಿವೆ. (ವೋಲ್ಟೆರಾ 1931ರಲ್ಲಿ ಫ್ಯಾಸಿಸ್ಟ್ ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ನಿರಾಕರಿಸಿ ರೋಮ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡರು. ಹಾಗೆ ನಿರಾಕರಿಸಿದ ಪ್ರಾಧ್ಯಾಪಕರು ಇಡೀ ಇಟಲಿಯಲ್ಲಿ ಹನ್ನೆರಡರ ಆಸುಪಾಸು.) ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಪೇಟೆಗೆ ಬಂದ ಮೀನಿನ ಲೆಕ್ಕವು ಸಮುದ್ರದಲ್ಲಿದ್ದ ಮೀನಿನ ಲೆಕ್ಕವಲ್ಲ; ನಮಗೆ ದೊರೆತ ಓಲೆಪ್ರತಿಗಳ ಸಂಖ್ಯೆಯು ಒಂದು ಕಾವ್ಯಕ್ಕಿದ್ದ ಓದುಗರ ಸಂಖ್ಯೆಯಲ್ಲ ಎಂಬುದನ್ನು ಬಲ್ಲ ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಪರ್ಧೆಯ ಸಮೀಕರಣ

ತಿನ್ನುವ ಮತ್ತು ತಿನ್ನಿಸಿಕೊಳ್ಳುವ ಸಂಬಂಧದಿಂದ ಈಗ ಒಂದೇ ಆಹಾರಕ್ಕೆ ಇಬ್ಬರು ಕೈಚಾಚುವ ಸಂಬಂಧಕ್ಕೆ ಬರೋಣ. ನಮ್ಮ ಪ್ರಬಂಧಗಳಲ್ಲಿ ನುಸುಳಿರುವ ರೂಪಕದ ಮೂಲ ಇರುವುದು ಇಲ್ಲಿ. ಮಾಸ್ಕೋದ ತರುಣ ವಿಜ್ಞಾನಿ ಜಿ. ಎಫ್. ಗಾಸ್ ಅವರು 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ಯಾರಾಮೀಸಿಯಂ ಎಂಬ ಏಕಕೋಶಜೀವಿಯ ಪ್ರಯೋಗಗಳನ್ನು ವರ್ಣಿಸಿದ್ದಾರೆ. ಆರೇಲಿಯಾ, ಕಾಡೇಟಮ್ ಎಂಬ ಎರಡು ಪ್ರಭೇದಗಳನ್ನು ಬೇರೆ ಬೇರೆ ಗಾಜಿನ ನಳಿಗೆಗಳಲ್ಲಿ ಬ್ಯಾಕ್ಟೀರಿಯಾಗಳ ಆಹಾರ ನೀಡಿ ಬೆಳೆಸಿದಾಗ ಎರಡೂ ಸೊಂಪಾಗಿ ಬೆಳೆದವು. ಒಂದೇ ನಳಿಗೆಯಲ್ಲಿರಿಸಿದಾಗ ಕೆಲವೇ ವಾರಗಳಲ್ಲಿ ಕಾಡೇಟಮ್ ನಿಶ್ಶೇಷವಾಯಿತು. ಒಂದೇ ಸಂಪನ್ಮೂಲವನ್ನು ಒಂದೇ ರೀತಿಯಲ್ಲಿ ಬಳಸುವ ಎರಡು ಪ್ರಭೇದಗಳು ಬಹುಕಾಲ ಒಟ್ಟಿಗಿರಲಾರವು ಎಂಬ ತತ್ತ್ವವು ಮುಂದೆ ಗಾಸ್ ಅವರ ಹೆಸರನ್ನೇ ಪಡೆಯಿತು.

ಇಷ್ಟನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಗಾಸ್ ಇನ್ನೊಂದು ಜೋಡಿಯನ್ನೂ ಪರೀಕ್ಷಿಸಿದ್ದರೆಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಸೋತ ಕಾಡೇಟಮ್ ಅನ್ನು ಬುರ್ಸೇರಿಯಾ ಎಂಬ ಮೂರನೆಯ ಪ್ರಭೇದದೊಡನೆ ಇರಿಸಿದಾಗ ಎರಡೂ ಉಳಿದವು. ಕಾಡೇಟಮ್ ನಳಿಗೆಯ ಮೇಲ್ಭಾಗದಲ್ಲಿ ತೇಲುವ ಬ್ಯಾಕ್ಟೀರಿಯಾಗಳನ್ನು ತಿನ್ನುತ್ತಿತ್ತು. ಬುರ್ಸೇರಿಯಾ ತಳದಲ್ಲಿ ಕುಳಿತ ಯೀಸ್ಟ್ ಕಣಗಳನ್ನು ತಿನ್ನುತ್ತಿತ್ತು. ಹಾಗಿರುವಾಗ ಕಾಡೇಟಮ್ ಬಲಿಷ್ಠವೋ ದುರ್ಬಲವೋ? ಯಾರೊಡನೆ, ಯಾವ ನಳಿಗೆಯಲ್ಲಿ ಎಂದು ಹೇಳದೆ ಈ ಪ್ರಶ್ನೆಗೆ ಅರ್ಥವೇ ಇಲ್ಲ.

ಇದರ ಹಿಂದಿರುವ ಸಮೀಕರಣವನ್ನು ಒಂದು ಲೆಕ್ಕದ ಮೂಲಕ ನೋಡಬಹುದು. ಒಂದು ಕೆರೆಯು ಮೊದಲನೆಯ ಪ್ರಭೇದವೊಂದನ್ನೇ ಪೋಷಿಸಿದರೆ 1000 ಜೀವಿಗಳಿಗೆ ಎಡೆಯಿದೆಯೆಂದು ಭಾವಿಸೋಣ. ಎರಡನೆಯ ಪ್ರಭೇದವೊಂದನ್ನೇ ಪೋಷಿಸಿದರೂ 1000. ಇದನ್ನು ಧಾರಣಶಕ್ತಿ ಎನ್ನುತ್ತಾರೆ. ಪರಕೀಯ ಪ್ರಭೇದದ ಒಂದು ಜೀವಿಯು ನನ್ನ ಎಡೆಯಲ್ಲಿ ಎಷ್ಟು ಭಾಗವನ್ನು ಆಕ್ರಮಿಸುತ್ತದೆ ಎಂಬುದನ್ನು ಸೂಚಿಸುವ ಸಂಖ್ಯೆಯೇ ಸ್ಪರ್ಧಾ ಗುಣಾಂಕ. ಅದು 1 ಎಂದರೆ ಪರಕೀಯನು ನನ್ನವನಷ್ಟೇ ಜಾಗ ತಿನ್ನುತ್ತಾನೆ, 0.5 ಎಂದರೆ ಅರ್ಧ, 1.5 ಎಂದರೆ ಒಂದೂವರೆ ಪಟ್ಟು.

ಸಹಬಾಳ್ವೆಯ ಪರೀಕ್ಷೆ ಇಷ್ಟೇ: ಕೆರೆಯಲ್ಲಿ ಒಂದು ಪ್ರಭೇದವು ಪೂರ್ತಿ ತುಂಬಿರುವಾಗ ಇನ್ನೊಂದು ಪ್ರಭೇದದ ಬೆರಳೆಣಿಕೆಯ ಜೀವಿಗಳನ್ನು ಬಿಟ್ಟರೆ ಅವು ಹೆಚ್ಚಬಲ್ಲವೇ? ಗುಣಾಂಕವು 0.5 ಆಗಿದ್ದರೆ, ತುಂಬಿರುವ 1000 ಜೀವಿಗಳು ಹೊಸಬರ ಎಡೆಯಲ್ಲಿ 500ನ್ನು ಮಾತ್ರ ತಿಂದಿರುತ್ತವೆ; ಇನ್ನೂ 500 ಉಳಿದಿದೆ; ಹೊಸಬರು ಹೆಚ್ಚುತ್ತಾರೆ. ಪಾತ್ರಗಳನ್ನು ಅದಲುಬದಲಾಗಿಸಿದರೂ ಫಲ ಅದೇ. ಕೊನೆಗೆ ಎರಡೂ ತಲಾ 667ರ ಸುಮಾರಿನಲ್ಲಿ ನೆಲೆಗೊಳ್ಳುತ್ತವೆ, ಒಟ್ಟು 1333: ಒಂದೇ ಪ್ರಭೇದವಿದ್ದಾಗ ಇದ್ದುದಕ್ಕಿಂತ ಹೆಚ್ಚು. ಗುಣಾಂಕವು 1.5 ಆಗಿದ್ದರೆ 1000 ಜೀವಿಗಳು ಹೊಸಬರ 1500ರಷ್ಟು ಎಡೆಯನ್ನು ತಿಂದಿರುತ್ತವೆ. ಇರುವುದೇ 1000 ಆದುದರಿಂದ ಹೊಸಬರು ನಾಶವಾಗುತ್ತಾರೆ. ಆದರೆ ಪಾತ್ರಗಳನ್ನು ಬದಲಾಯಿಸಿದರೆ ನಾಶವಾಗುವವರೂ ಬದಲಾಗುತ್ತಾರೆ! ಇಲ್ಲಿ ಬಲಿಷ್ಠ ಯಾರೂ ಅಲ್ಲ; ಮೊದಲು ಬಂದು ತುಂಬಿಕೊಂಡವರು ಉಳಿಯುತ್ತಾರೆ. ಈ ಎರಡು ಸ್ಥಿತಿಗಳ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿರಿಸಿಕೊಳ್ಳಬೇಕೆಂದು ಕೋರುತ್ತೇನೆ. ಲೇಖನದ ಕೊನೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಇಬ್ಬರ ಶಕ್ತಿಯೂ ಸಮಾನವಾಗಿದ್ದ ಸಂದರ್ಭ ಇದಾಯಿತು. ಎರಡನೆಯ ಪ್ರಭೇದವು ದುರ್ಬಲವಾಗಿದ್ದು ಅದರ ಧಾರಣಶಕ್ತಿ 600 ಮಾತ್ರ ಎಂದಿಟ್ಟುಕೊಳ್ಳೋಣ. ಗುಣಾಂಕ 0.5 ಆಗಿದ್ದರೆ ಮೊದಲನೆಯದರ 1000 ಜೀವಿಗಳು ತಿನ್ನುವುದು 500ನ್ನು, ದುರ್ಬಲರಿಗೆ ಇನ್ನೂ 100 ಉಳಿಯುತ್ತದೆ, ಅವು ಅಳಿಯುವುದಿಲ್ಲ. ಅಂತಿಮವಾಗಿ 933 ಬಲಿಷ್ಠರು, 133 ದುರ್ಬಲರು. ಗುಣಾಂಕ 0.9 ಆಗಿದ್ದರೆ, ಎಂದರೆ ಇಬ್ಬರ ಜೀವನರೀತಿಯೂ ಬಹುಪಾಲು ಒಂದೇ ಆಗಿದ್ದರೆ, 600ರಲ್ಲಿ 900 ಕಳೆಯಬೇಕಾಗುತ್ತದೆ, ದುರ್ಬಲರು ಉಳಿಯುವುದಿಲ್ಲ. ಉಳಿಯಬೇಕಾದರೆ ಅವರ ಧಾರಣಶಕ್ತಿ 900ನ್ನು ಮೀರಿರಬೇಕು.

ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ಸಾರ ಇರುವುದು ಈ ಸಣ್ಣ ಲೆಕ್ಕದಲ್ಲಿಯೇ. ಪ್ರತಿಯೊಂದು ಪ್ರಭೇದವೂ ಅನ್ಯರನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದರೆ ಸಹಬಾಳ್ವೆ ಸಾಧ್ಯ. ಎಷ್ಟು ಅಸಮಾನತೆಯನ್ನು ತಾಳಿಕೊಳ್ಳಬಹುದು ಎಂಬುದು ಎಷ್ಟು ಭಿನ್ನತೆ ಇದೆ ಎಂಬುದನ್ನು ಅವಲಂಬಿಸಿದೆ. ಪೀಟರ್ ಚೆಸ್ಸನ್ ಅವರು 2000ದಲ್ಲಿ ಬರೆದ ಸಮೀಕ್ಷಾ ಲೇಖನದಲ್ಲಿ ಈ ಎರಡು ಅಂಶಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು: ಪ್ರಭೇದಗಳ ನಡುವಣ ಬಲದ ಅಂತರವನ್ನು ಕುಗ್ಗಿಸುವ ಕಾರಣಗಳು ಒಂದು ಬಗೆ, ಅಪರೂಪವಾದುದಕ್ಕೆ ಅನುಕೂಲ ಒದಗಿಸಿ ಸ್ಥಿರತೆ ತರುವ ಕಾರಣಗಳು ಇನ್ನೊಂದು ಬಗೆ. ಬಲಿಷ್ಠವಾದುದೇ ಉಳಿಯುತ್ತದೆ ಎಂಬ ವಾಕ್ಯವು ಎರಡನೆಯ ಬಗೆಯನ್ನು ಸಂಪೂರ್ಣವಾಗಿ ಮರೆತಿದೆ.

ಕೆರೆ ಮತ್ತು ಕಾಡು

ಗಾಸ್ ತತ್ತ್ವಕ್ಕೆ ತೀಕ್ಷ್ಣವಾದ ಆಕ್ಷೇಪವನ್ನು ಎತ್ತಿದವರು ಯೇಲ್ ವಿಶ್ವವಿದ್ಯಾಲಯದ ಜಿ. ಈವ್ಲಿನ್ ಹಚಿನ್ಸನ್. ಇವರು 1932ರಲ್ಲಿ ಲಡಾಖಿನ ಸರೋವರಗಳನ್ನು ಅಭ್ಯಸಿಸಿದವರು. ಸರೋವರದ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಿಗೆ ಬೇಕಾದುದು ಬೆಳಕು, ಸಾರಜನಕ, ರಂಜಕ, ಸಿಲಿಕಾ ಮೊದಲಾದ ಕೆಲವೇ ವಸ್ತುಗಳು. ನೀರು ಸದಾ ಕಲಕುತ್ತಿರುವುದರಿಂದ ಪ್ರತ್ಯೇಕ ನೆಲೆಗಳೂ ಇದ್ದಂತಿಲ್ಲ. ಆದರೂ ಒಂದೇ ನೀರಿನಲ್ಲಿ ಹತ್ತಾರು ಪ್ರಭೇದಗಳು ಹೇಗೆ ಇರುತ್ತವೆ? 1961ರಲ್ಲಿ ಅವರು ಇದನ್ನು ಒಂದು ವಿರೋಧಾಭಾಸವೆಂದೇ ಕರೆದರು. ಮಾದರಿಯು ಲೋಕಕ್ಕೆ ಹೊಂದದಿದ್ದಾಗ ಮಾದರಿಯನ್ನು ಎಸೆಯಬೇಕಾಗಿಲ್ಲ. ಅದರ ಯಾವ ಊಹೆ ತಪ್ಪಿತೆಂದು ಹುಡುಕಬೇಕು. ಅವರು ಸೂಚಿಸಿದ ಉತ್ತರವೆಂದರೆ, ಋತುಗಳು ಬದಲಾಗುತ್ತಿರುವುದರಿಂದ ಒಂದು ಪ್ರಭೇದವು ಇನ್ನೊಂದನ್ನು ಮುಗಿಸುವ ಮುನ್ನವೇ ಗೆಲ್ಲುವ ಪಕ್ಷ ಬದಲಾಗಿಬಿಡುತ್ತದೆ. ಡೇವಿಡ್ ಟಿಲ್ಮನ್ 1977ರಲ್ಲಿ ಎರಡು ಡಯಾಟಮ್‌ಗಳ ಪ್ರಯೋಗದಿಂದ ಇನ್ನೊಂದು ಭಾಗವನ್ನು ತೋರಿಸಿದರು. ಆಸ್ಟೀರಿಯೊನೆಲ್ಲಾ ರಂಜಕದ ಕೊರತೆಯನ್ನು ಚೆನ್ನಾಗಿ ತಾಳುತ್ತದೆ, ಸೈಕ್ಲೊಟೆಲ್ಲಾ ಸಿಲಿಕಾದ ಕೊರತೆಯನ್ನು. ಇವೆರಡರ ಪ್ರಮಾಣವು ಒಂದು ಮಧ್ಯಂತರ ವ್ಯಾಪ್ತಿಯಲ್ಲಿದ್ದಾಗ ಪ್ರತಿಯೊಂದಕ್ಕೂ ಬೇರೆಯದೇ ವಸ್ತುವಿನ ಅಭಾವವಿರುತ್ತದೆ, ಎರಡೂ ಬದುಕುತ್ತವೆ.

ಕಾಡಿನ ಸಮಸ್ಯೆ ಇನ್ನೂ ಕಠಿನ. ಪನಾಮಾದ ಬ್ಯಾರೋ ಕೊಲೊರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಿಂದ 50 ಹೆಕ್ಟೇರ್ ಪ್ರದೇಶದ ಪ್ರತಿ ಮರವನ್ನೂ ಗುರುತಿಸಿ ಅಳೆಯುತ್ತ ಬಂದಿದ್ದಾರೆ. ಅಲ್ಲಿ ಸುಮಾರು 300 ಪ್ರಭೇದಗಳಿವೆ. ಮರಗಳಿಗೆ ಬೇಕಾದುದು ಬೆಳಕು, ನೀರು, ಮಣ್ಣು. ಮುನ್ನೂರು ನೆಲೆಗಳು ಎಲ್ಲಿಂದ ಬಂದವು? ಡೇನಿಯಲ್ ಜಾನ್ಸೆನ್ 1970ರಲ್ಲಿಯೂ ಜೋಸೆಫ್ ಕಾನೆಲ್ 1971ರಲ್ಲಿಯೂ ನೀಡಿದ ಉತ್ತರವು ಸುಂದರವಾಗಿದೆ. ಪ್ರತಿ ಮರಕ್ಕೂ ತನ್ನದೇ ಆದ ಕೀಟಗಳೂ ರೋಗಾಣುಗಳೂ ಇರುತ್ತವೆ. ಅವು ತಾಯಿಮರದ ಸುತ್ತ ನೆರೆದಿರುತ್ತವೆ. ಆ ನೆರಳಿನಲ್ಲಿ ಬಿದ್ದ ಅದರ ಬೀಜಕ್ಕೆ ಉಳಿಗಾಲವಿಲ್ಲ, ಪರಕೀಯ ಬೀಜಕ್ಕೆ ಆ ಭಯವಿಲ್ಲ. ತನ್ನನ್ನು ತಾನೇ ಹೆಚ್ಚಾಗಿ ತಡೆದುಕೊಳ್ಳುವ ಅದೇ ನಿಯಮವನ್ನು ಇಲ್ಲಿ ಶತ್ರುಗಳು ಜಾರಿಗೆ ತರುತ್ತಾರೆ. ಪನಾಮಾದ ಅದೇ ತಾಣದ 53 ಪ್ರಭೇದಗಳ ಬೀಜ ಮತ್ತು ಸಸಿಗಳನ್ನು ಎಣಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಗಿ, ಎಲ್ಲದರಲ್ಲಿಯೂ ಇಂಥ ಸ್ವನಿಯಂತ್ರಣ ಕಾಣುತ್ತದೆಂದು ವರದಿ ಮಾಡಿತು. ಎಣಿಕೆಯ ವಿಧಾನದಲ್ಲಿ ಪ್ರಭಾವವನ್ನು ಅಧಿಕವಾಗಿ ತೋರಿಸುವ ದೋಷವಿದೆಯೇ ಎಂಬ ಚರ್ಚೆ ಅನಂತರ ನಡೆದಿದೆ.

ಇದೇ ಬಗೆಯ 50 ಹೆಕ್ಟೇರ್ ತಾಣವೊಂದು ನಮ್ಮ ಸಮೀಪದಲ್ಲಿಯೂ ಇದೆ. ಬಂಡೀಪುರಕ್ಕೆ ಹೊಂದಿಕೊಂಡಿರುವ ತಮಿಳುನಾಡಿನ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಆರ್. ಸುಕುಮಾರ್ ಅವರ ಮುಂದಾಳ್ತನದಲ್ಲಿ, 1988ರಲ್ಲಿ ಇದನ್ನು ಆರಂಭಿಸಿದರು. ನಂದಿ, ಮತ್ತಿ, ದಿಂಡಿಗ, ತೇಗಗಳ ಈ ಒಣ ಎಲೆಯುದುರು ಕಾಡಿನಲ್ಲಿ ಸುಮಾರು 70 ಪ್ರಭೇದಗಳು ಮಾತ್ರ ಇವೆ. ಮಲೇಷಿಯಾದ ಲಂಬೀರ್ ಎಂಬಲ್ಲಿ 52 ಹೆಕ್ಟೇರುಗಳಲ್ಲಿ ಸುಮಾರು 1200. ಮುದುಮಲೆಯಲ್ಲಿ ಕಾಡ್ಗಿಚ್ಚು, ಬರ, ಆನೆ ಇವು ಲೆಕ್ಕವನ್ನು ಮತ್ತೆ ಮತ್ತೆ ಕಲಕುತ್ತಿರುತ್ತವೆ. ಸಮತೋಲದ ಸಮೀಕರಣವು ಅಂತಿಮ ಸ್ಥಿತಿಯನ್ನು ಹೇಳುತ್ತದೆ. ಅಂತಿಮ ಸ್ಥಿತಿಗೆ ತಲುಪಲು ಅವಕಾಶವೇ ಇಲ್ಲದ ಕಾಡಿನಲ್ಲಿ ದಾರಿಯ ಗಣಿತವೇ ಮುಖ್ಯ.

ಸ್ಟೀಫನ್ ಹಬ್ಬೆಲ್ 2001ರ ತಮ್ಮ ಗ್ರಂಥದಲ್ಲಿ ಈ ಎಲ್ಲ ಭಿನ್ನತೆಗಳನ್ನೂ ಬದಿಗಿಟ್ಟು, ಎಲ್ಲ ಮರಗಳೂ ಸಮಾನವೆಂದೂ ಏರಿಳಿತವೆಲ್ಲ ಆಕಸ್ಮಿಕವೆಂದೂ ಭಾವಿಸಿದರೆ ಕಾಡಿನ ಪ್ರಭೇದಗಳ ವಿತರಣೆಯನ್ನು ಎಷ್ಟರಮಟ್ಟಿಗೆ ವಿವರಿಸಬಹುದೆಂದು ಕೇಳಿದರು. ನಮ್ಮ ಲೆಕ್ಕದಲ್ಲಿ ಗುಣಾಂಕ 1, ಧಾರಣಶಕ್ತಿ ಇಬ್ಬರಿಗೂ 1000 ಇರುವ ಸ್ಥಿತಿ ಅದು: ಯಾರೂ ಯಾರನ್ನೂ ದೂಡುವುದಿಲ್ಲ, ಕಾಪಾಡುವುದೂ ಇಲ್ಲ. ಆಶ್ಚರ್ಯವೆಂಬಂತೆ ಈ ಸಿದ್ಧಾಂತವು ಒಂದು ಗಳಿಗೆಯ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಲದೊಡನೆ ಆಗುವ ಬದಲಾವಣೆಗಳಿಗೆ ಅಷ್ಟು ಹೊಂದುವುದಿಲ್ಲ ಎಂಬುದೇ ಅದರ ಮೇಲಿನ ಮುಖ್ಯ ಟೀಕೆ.

ರಾಬರ್ಟ್ ಮೇ 1972ರಲ್ಲಿ ಕೇಳಿದ ಪ್ರಶ್ನೆ ಇಡೀ ಜಾಲವನ್ನು ಕುರಿತದ್ದು. ವೈವಿಧ್ಯ ಹೆಚ್ಚಿದಷ್ಟೂ ಸ್ಥಿರತೆ ಹೆಚ್ಚುತ್ತದೆಂಬ ಅಂದಿನ ನಂಬಿಕೆಗೆ ಅವರ ಗಣಿತವು ವಿರುದ್ಧವಾಗಿತ್ತು. ಪ್ರಭೇದಗಳ ಸಂಖ್ಯೆಯನ್ನು ಅವುಗಳೊಳಗಿನ ಸಂಪರ್ಕದ ಪ್ರಮಾಣದಿಂದ ಗುಣಿಸಿ, ವರ್ಗಮೂಲವನ್ನು ತೆಗೆದು, ಪರಸ್ಪರ ಪ್ರಭಾವದ ತೀವ್ರತೆಯಿಂದ ಗುಣಿಸಿದರೆ ಬರುವ ಸಂಖ್ಯೆಯು 1ಕ್ಕಿಂತ ಕಡಿಮೆಯಿರಬೇಕು. ಇಲ್ಲವಾದರೆ ಯಾದೃಚ್ಛಿಕವಾಗಿ ಹೆಣೆದ ವ್ಯವಸ್ಥೆ ಕುಸಿಯುತ್ತದೆ. 100 ಪ್ರಭೇದಗಳು, ಹತ್ತರಲ್ಲೊಂದು ಜೋಡಿಗೆ ಸಂಪರ್ಕ ಎಂದಾದರೆ ತೀವ್ರತೆಯು 0.32ನ್ನು ಮೀರಕೂಡದು, 400 ಪ್ರಭೇದಗಳಾದರೆ 0.16ನ್ನು. ನಿಜವಾದ ಜಾಲವು ಯಾದೃಚ್ಛಿಕವಲ್ಲವೆಂಬುದೇ ಇದಕ್ಕೆ ದೊರೆತ ಉತ್ತರ. ಭಕ್ಷಕ ಮತ್ತು ಬಲಿಯ ಸಂಬಂಧಗಳು ಜಾಲವನ್ನು ಸ್ಥಿರಗೊಳಿಸುತ್ತವೆಂದೂ ಪರಸ್ಪರ ಉಪಕಾರದ ಸಂಬಂಧಗಳು ಅಸ್ಥಿರಗೊಳಿಸುತ್ತವೆಂದೂ ಅಲ್ಲೆಸೀನಾ ಮತ್ತು ತಾಂಗ್ 2012ರಲ್ಲಿ ತೋರಿಸಿದರು. ಇದು ನಮ್ಮ ಸಹಜ ನಿರೀಕ್ಷೆಗೆ ವಿರುದ್ಧವಾಗಿರುವುದರಿಂದಲೇ ಉಲ್ಲೇಖಿಸಿದೆ.

ಗುಣಾಂಕವೇ ಬದಲಾದಾಗ

ಇದುವರೆಗಿನ ಮಾದರಿಗಳಲ್ಲಿ ಸಂಖ್ಯೆಗಳು ಬದಲಾಗುತ್ತವೆ, ಗುಣಾಂಕಗಳು ಬದಲಾಗುವುದಿಲ್ಲ. ಆದರೆ ಜೀವವಿಕಾಸವೆಂದರೆ ಗುಣಾಂಕಗಳೇ ಬದಲಾಗುವುದು. ಗಲಾಪಗೋಸ್ ದ್ವೀಪಸಮೂಹದ ಡ್ಯಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿಗಳು ದಶಕಗಳ ಕಾಲ ಫಿಂಚ್ ಹಕ್ಕಿಗಳನ್ನು ಅಳೆದರು. ಅಲ್ಲಿನ ದೊಡ್ಡ ಗಟ್ಟಿಬೀಜವು ನಮ್ಮ ನೆಗ್ಗಿಲ ಮುಳ್ಳಿನ ಸೋದರಸಸ್ಯದ್ದು. 1977ರ ಬರದಲ್ಲಿ ಸಣ್ಣ ಬೀಜಗಳು ಮುಗಿದಾಗ, ನೆಗ್ಗಿಲನ್ನು ಒಡೆಯಬಲ್ಲ ದೊಡ್ಡ ಕೊಕ್ಕಿನ ಮಧ್ಯಮ ಫಿಂಚ್‌ಗಳು ಹೆಚ್ಚಾಗಿ ಉಳಿದವು. ಮುಂದಿನ ಪೀಳಿಗೆಯ ಕೊಕ್ಕು ದೊಡ್ಡದಾಯಿತು. 1982ರಲ್ಲಿ ದೊಡ್ಡ ಫಿಂಚ್ ಎಂಬ ಬೇರೆ ಪ್ರಭೇದವು ಬಂದು ನೆಲೆಸಿತು. 2004-05ರಲ್ಲಿ ಮತ್ತೆ ಬರ ಬಂದಾಗ ಹೊಸಬರು ನೆಗ್ಗಿಲನ್ನು ಬಳಿದುಹಾಕಿದರು. ಈ ಬಾರಿ ಮಧ್ಯಮ ಫಿಂಚ್‌ಗಳಲ್ಲಿ ಉಳಿದವು ಸಣ್ಣ ಬೀಜ ತಿನ್ನುವ ಸಣ್ಣ ಕೊಕ್ಕಿನವು; ಪೀಳಿಗೆಯ ಕೊಕ್ಕು ಕಿರಿದಾಯಿತು. ಬರ ಅದೇ, ಹಕ್ಕಿ ಅದೇ, ಆಯ್ಕೆಯ ದಿಕ್ಕು ಮಾತ್ರ ವಿರುದ್ಧ. ಸ್ಪರ್ಧೆಯು ಇಲ್ಲಿ ಸ್ಪರ್ಧಾ ಗುಣಾಂಕವನ್ನೇ ತಗ್ಗಿಸಿತು. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, 0.9ರಲ್ಲಿ ಅಳಿಯಬೇಕಾದುದು 0.5ರ ಕಡೆಗೆ ಸರಿದು ಉಳಿಯುವ ದಾರಿ ಇದು.

ಭಾಷೆಗೆ ಈ ಲೆಕ್ಕ ಹೊಂದುತ್ತದೆಯೇ?

ಈಗ ಆರಂಭದ ವಾಕ್ಯಕ್ಕೆ ಮರಳಬಹುದು. ಭಾಷೆಗಳ ಸ್ಪರ್ಧೆಗೆ ಇಂಥ ಸಮೀಕರಣವನ್ನು ಬರೆದವರು ಡೇನಿಯಲ್ ಅಬ್ರಾಮ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಸ್; 2003ರಲ್ಲಿ, ನೇಚರ್ ಪತ್ರಿಕೆಯಲ್ಲಿ. ವೇಲ್ಸ್ ಭಾಷೆ, ಸ್ಕಾಟ್ಲೆಂಡಿನ ಗೇಲಿಕ್, ದಕ್ಷಿಣ ಅಮೆರಿಕದ ಕೆಚುವಾ ಮೊದಲಾದವುಗಳ ಅಂಕಿಗಳನ್ನು ಅವರು ಬಳಸಿಕೊಂಡರು. ಒಂದು ಭಾಷೆಯ ಸೆಳೆತವು ಅದರ ಪ್ರತಿಷ್ಠೆಯನ್ನೂ ಮಾತನಾಡುವವರ ಪ್ರಮಾಣವನ್ನೂ ಅವಲಂಬಿಸಿದೆ, ಪ್ರಮಾಣವನ್ನು 1.31ರ ಘಾತಕ್ಕೇರಿಸಬೇಕೆಂದು ಅಂಕಿಗಳಿಂದ ಕಂಡುಬಂತು. ಈ ಘಾತವು 1ಕ್ಕಿಂತ ಹೆಚ್ಚಿರುವುದೇ ನಿರ್ಣಾಯಕ. ಪ್ರತಿಷ್ಠೆ ಸಮಾನವಾಗಿದ್ದು ಒಂದು ಭಾಷೆಗೆ 70, ಇನ್ನೊಂದಕ್ಕೆ 30 ಪಾಲು ಇದ್ದರೆ, ಜನಬಲದ ಅನುಪಾತ 2.3 ಇದ್ದರೂ ಸೆಳೆತದ ಅನುಪಾತ 3 ಆಗುತ್ತದೆ. ಸಣ್ಣ ಭಾಷೆಯಿಂದ ಹೊರಹೋಗುವವರು ಒಳಬರುವವರಿಗಿಂತ ಹೆಚ್ಚು. ಕಡಿಮೆಯಾದಷ್ಟೂ ಇನ್ನೂ ಕಡಿಮೆಯಾಗುವ ಈ ಸ್ಥಿತಿಯು ನಮ್ಮ ಕೆರೆಯ ಲೆಕ್ಕದಲ್ಲಿ ಗುಣಾಂಕ 1.5 ಇದ್ದ ಸ್ಥಿತಿಗೆ ಸಮಾನ. ಅಲ್ಲಿ ಗೆದ್ದುದು ಬಲವಲ್ಲ, ಮೊದಲೇ ತುಂಬಿಕೊಂಡ ಸಂಖ್ಯೆ. ಎಂದರೆ, ನಮ್ಮ ಪ್ರಬಂಧಕಾರರ ನಿರಾಶೆಗೆ ಗಣಿತದ ಬೆಂಬಲವಿದೆಯೆಂದು ಒಪ್ಪಿದರೂ ಅವರು ನೀಡುವ ಕಾರಣಕ್ಕೆ ಬೆಂಬಲವಿಲ್ಲ.

ಇದಲ್ಲದೆ ಈ ಮಾದರಿಯಲ್ಲಿ ಪ್ರತಿಯೊಬ್ಬನಿಗೂ ಒಂದೇ ಭಾಷೆ. ಡಯಾಟಮ್ ಒಂದು ಏಕಕಾಲಕ್ಕೆ ಎರಡು ಪ್ರಭೇದಗಳಿಗೆ ಸೇರಲಾರದು. ಮುಂಬಯಿಯ ಮಾಟುಂಗದಲ್ಲಿ ಬೆಳೆದ ಕನ್ನಡಿಗನು ದಿನದಲ್ಲಿ ನಾಲ್ಕು ಭಾಷೆಗಳಿಗೆ ಸೇರಬಲ್ಲನು. ಜಾರ್ಜ್ ಮೀರಾ ಮತ್ತು ಆಂಖೆಲ್ ಪರೆಡೆಸ್ 2005ರಲ್ಲಿ ಸ್ಪೇನಿನ ಗಲೀಷಿಯಾ ಪ್ರಾಂತವನ್ನು ಅಭ್ಯಸಿಸುತ್ತ, ದ್ವಿಭಾಷಿಗಳ ವರ್ಗವನ್ನೂ ಎರಡು ಭಾಷೆಗಳ ಸಾದೃಶ್ಯವನ್ನೂ ಅದೇ ಸಮೀಕರಣಕ್ಕೆ ಸೇರಿಸಿದರು. ಸಾದೃಶ್ಯವು ಸಾಕಷ್ಟಿದ್ದರೆ ಎರಡು ಭಾಷೆಗಳೂ ಸ್ಥಿರವಾಗಿ ಉಳಿಯಬಲ್ಲವೆಂಬ ಫಲಿತಾಂಶ ಬಂತು. ವಾಚಕರು ಇಲ್ಲಿ ಒಂದು ತಿರುವನ್ನು ಗಮನಿಸಬೇಕು. ಜೀವಿಗಳಲ್ಲಿ ಸಾದೃಶ್ಯವು ಸಹಬಾಳ್ವೆಗೆ ವೈರಿ. ಭಾಷೆಗಳಲ್ಲಿ ಅದು ಎರಡನ್ನೂ ಹೊತ್ತು ನಡೆಯುವುದನ್ನು ಸುಲಭಗೊಳಿಸಿ ಸಹಬಾಳ್ವೆಗೆ ಮಿತ್ರನಾಗುತ್ತದೆ. ರೂಪಕವು ಮುರಿದುಬೀಳುವುದು ಈ ಜಾಗದಲ್ಲಿ. ಹೈದರಾಬಾದಿನಲ್ಲಿ ತೆಲುಗಿನ ನಡುವೆ ಇರುವ ಕನ್ನಡವನ್ನೂ ದೆಹಲಿಯಲ್ಲಿ ಹಿಂದಿಯ ನಡುವೆ ಇರುವ ಕನ್ನಡವನ್ನೂ ಒಂದೇ ವಾಕ್ಯದಲ್ಲಿ ವಿವರಿಸುವ ಪ್ರಬಂಧಗಳನ್ನು ಈ ದೃಷ್ಟಿಯಿಂದ ಪುನಃ ಪರಿಶೀಲಿಸಬೇಕಾಗಿದೆ.

ಹಾಗೆ ಪರಿಶೀಲಿಸಲು ನಮ್ಮಲ್ಲಿ ಇರುವ ಅಂಕಿಗಳು ಸಾಲವು. ಜನಗಣತಿಯು ಮಾತೃಭಾಷೆಯನ್ನೂ ಬಲ್ಲ ಇನ್ನೆರಡು ಭಾಷೆಗಳನ್ನೂ ದಾಖಲಿಸುತ್ತದೆ. 2011ರ ಜನಗಣತಿಯಲ್ಲಿಯೂ ಹೀಗೆಯೇ ಆಯಿತು. ಆದರೆ ಮಾತೃಭಾಷೆಯೆಂದು ಬರೆಸುವುದು ಬೇರೆ, ಬಳಸುವುದು ಬೇರೆ. ಸಮೀಕರಣಕ್ಕೆ ಬೇಕಾದುದು ಬಳಕೆಯ ದರ: ಒಂದು ಮನೆಯಲ್ಲಿ ಹಿರಿಯರು ಮಕ್ಕಳೊಡನೆ ಆಡುವ ಭಾಷೆ, ಮಕ್ಕಳು ತಮ್ಮೊಳಗೆ ಆಡುವ ಭಾಷೆ, ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ ಅವರು ಉಳಿಸಿಕೊಳ್ಳುವ ಭಾಷೆ. ಈ ಮೂರನ್ನು ಒಂದೇ ಬಡಾವಣೆಯ ನೂರು ಮನೆಗಳಲ್ಲಿ, ಹತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಎಣಿಸಿದರೆ, ಆ ಊರಿನ ಕನ್ನಡವು 0.5ರ ಕೆರೆಯಲ್ಲಿದೆಯೋ 1.5ರ ಕೆರೆಯಲ್ಲಿದೆಯೋ ಎಂಬುದನ್ನು ಅಂದಾಜು ಮಾಡಲು ಸಾಧ್ಯ. ಮುದುಮಲೆಯಲ್ಲಿ ಪ್ರತಿ ಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ವರ್ಷಗಳ ಅಂತರದಲ್ಲಿ ಅದೇ ಮರವನ್ನು ಮತ್ತೆ ಹುಡುಕಿ ಅಳೆಯುವುದು ಇದೇ ಕಾರಣಕ್ಕೆ.